ದಾವಣಗೆರೆಯಲ್ಲಿ ಸ್ವಂತ ವೈಂಡಿಂಗ್ ಅಂಗಡಿ: ಜನವರಿಯಲ್ಲಿ ಕೆಲಸ ಬಿಡಬಹುದಾ?

ಪ್ರಶ್ನೆ (ಜಗಳೂರು ರಸ್ತೆ): ಪಂಪ್‌ಸೆಟ್ ಅಂಗಡಿಯಲ್ಲಿ 4 ವರ್ಷ 4 ತಿಂಗಳಿಂದ ಸಬ್‌ಮರ್ಸಿಬಲ್ ವೈಂಡಿಂಗ್ ಕೆಲಸ (ಬೋರ್‌ವೆಲ್‌ನ ಸುಟ್ಟ ಮೋಟಾರಿಗೆ ಹೊಸ ತಾಮ್ರದ ಸುರುಳಿ ಸುತ್ತೋದು). ಸಂಬಳ 18,000, ಅದರಲ್ಲಿ ಬೇಸಿಕ್ 13,000. ಜನವರಿಯಲ್ಲಿ ಬಿಟ್ಟು ಸ್ವಂತ ಅಂಗಡಿ ಹಾಕೋ ಯೋಚನೆ. ಬಾಡಿಗೆ 6,000, ಕರೆಂಟು 2,000, ಹುಡುಗನಿಗೆ 12,000. ವೈರು, ಬುಷ್ ಖರ್ಚು ಕಳೆದು ಮೋಟಾರಿಗೆ 1,500 ಉಳಿಯುತ್ತೆ. ಬೇಸಿಗೆಯಲ್ಲಿ ತಿಂಗಳಿಗೆ 40 ಮೋಟಾರ್ ಬರುತ್ತೆ ಅಂತ ಅಂದಾಜು. ಸಾಕಾಗುತ್ತಾ?

ಉತ್ತರ (ಲೆಕ್ಕದ ಪುಸ್ತಕ): ಮನೆ ಖರ್ಚು ಬಿಟ್ಟಿದ್ದೀರಿ. ಅದಕ್ಕೆ 18,000 ಸೇರಿಸಿದರೆ ತಿಂಗಳಿಗೆ 38,000 ಬೇಕು, ಅಂದರೆ 26 ಮೋಟಾರ್. ಫೆಬ್ರವರಿಯಿಂದ ಮೇವರೆಗೆ 40ರಂತೆ ಬಂದರೆ ನಾಲ್ಕು ತಿಂಗಳಿಗೆ 88,000 ಉಳಿಯುತ್ತೆ. ಮಳೆ ಹಿಡಿದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 10 ಬಂದರೆ 92,000 ಕೈಯಿಂದ ಹೋಗುತ್ತೆ. ಬೇಸಿಗೆ ದುಡಿಮೆಯೆಲ್ಲ ಮಳೆಗಾಲಕ್ಕೇ ಸರಿಹೋಯಿತು. ಅದೂ ಹೊಸ ಅಂಗಡಿಗೆ ಮೊದಲ ಬೇಸಿಗೆಯಲ್ಲೇ 40 ಬಂದರೆ. ನನಗೆ ಆ ನಂಬಿಕೆ ಇಲ್ಲ, 20 ಅಂತ ಹಿಡಿಯಿರಿ.

ಉತ್ತರ (ತಾಮ್ರ): ಅದಕ್ಕಿಂತ ದೊಡ್ಡ ಹೊಡೆತ ಉದ್ರಿ. "ಮೆಕ್ಕೆಜೋಳ ಮಾರಿದ ಮೇಲೆ ಕೊಡ್ತೀನಿ" ಅಂತ ಏಪ್ರಿಲ್‌ನಲ್ಲಿ ಒಯ್ದ ಮೋಟಾರಿನ ದುಡ್ಡು ನವೆಂಬರ್‌ಗೆ ಬರುತ್ತೆ. ಒಂದಕ್ಕೆ 4 ಕೆಜಿ ವೈರ್ ಅಂತ ಹಿಡಿದರೂ ಹತ್ತು ಮೋಟಾರ್ ಉದ್ರಿ ಹೋದರೆ 40 ಕೆಜಿ ತಾಮ್ರ ಊರೂರಿನ ಬೋರ್‌ವೆಲ್‌ನೊಳಗೆ ಕೂತಿರುತ್ತೆ. ವೈರಿನ ದುಡ್ಡು ಮುಂಗಡ, ಕೂಲಿ ಮಾತ್ರ ಬಾಕಿ: ಮೊದಲ ದಿನದಿಂದಲೇ ಈ ಕಟ್ಟುನಿಟ್ಟು ಇರಲಿ. ಸುಟ್ಟ ತಾಮ್ರವನ್ನು ಗಿರಾಕಿ ಎದುರೇ ತೂಗಿ ಬಿಲ್ಲಿನಲ್ಲಿ ಕಳೆಯಿರಿ. ಹಳ್ಳಿಯಲ್ಲಿ ಹೆಸರು ಉಳಿಯೋದು ಅಲ್ಲೇ.

ಇನ್ನೊಂದು, ವಾಪಸ್ ಬರೋ ಮೋಟಾರ್. ಬಿಚ್ಚಿದ ಕೂಡಲೇ ಸುರುಳಿ ನೋಡಿ. ಸ್ಟಾರ್ ಕನೆಕ್ಷನ್‌ನಲ್ಲಿ ಎರಡು ಫೇಸ್ ಕರಿಕಟ್ಟಿ ಮೂರನೆಯದು ಚೊಕ್ಕಟವಾಗಿದ್ದರೆ ಸಿಂಗಲ್ ಫೇಸಿಂಗ್ ಆಗಿದೆ, ಅಂದರೆ ಮೂರು ಫೇಸಿನಲ್ಲಿ ಒಂದು ಕಡಿದುಹೋಗಿ ಮೋಟಾರ್ ಓಡಿದೆ. ಆಗ ಮೋಟಾರ್ ನಿಲ್ಲಿಸಬೇಕಾದ ಪ್ಯಾನೆಲ್ ಬೋರ್ಡಿನ ಪ್ರಿವೆಂಟರ್ ಸರಿಮಾಡದೆ ಇಳಿಸಿದರೆ ಮತ್ತೆ ಸುಡುತ್ತೆ, ಬೈಗುಳ ನಿಮಗೆ. ಫೋಟೋ ತೆಗೆದು ಗಿರಾಕಿಗೆ ತೋರಿಸಿ, ಕಾರಣ ಬಿಲ್ಲಿನ ಮೇಲೆ ಬರೆಯಿರಿ. ಥ್ರಸ್ಟ್ ಬೇರಿಂಗ್, ಬುಷ್ ಸವೆದಿದ್ದರೆ "ಈಗ ಬೇಡ" ಅಂದರೂ ಬದಲಿಸದೆ ಕೊಡಬೇಡಿ. ರಾತ್ರಿ ನೀರಲ್ಲಿ ಮುಳುಗಿಸಿಟ್ಟು, ಬೆಳಗ್ಗೆ ಮೆಗ್ಗರ್ (ಇನ್ಸುಲೇಷನ್ ಅಳೆಯೋ ಮೀಟರ್) ಹಾಕಿಯೇ ಕಳಿಸಿ. ಪುಕ್ಕಟೆ ರಿಪೇರಿಗೆ ಮೂರು ಮೋಟಾರ್ ಹೋದರೆ ಒಂದು ವಾರದ ದುಡಿಮೆ ಹೋದಂತೆ.

ಉತ್ತರ (ಲೆಕ್ಕದ ಪುಸ್ತಕ): ಇನ್ನು ಬಿಡೋ ಹೊತ್ತು. ನಿಮ್ಮ ಅಂಗಡಿಯಲ್ಲಿ 10 ಜನಕ್ಕಿಂತ ಕಡಿಮೆ ಇಲ್ಲದಿದ್ದರೆ, 5 ವರ್ಷ ತುಂಬಿದಾಗ ಗ್ರಾಚ್ಯುಟಿ (ಕೆಲಸ ಬಿಡುವಾಗ ಮಾಲೀಕರು ಕೊಡೋ ಇಡಿಗಂಟು) ಬರುತ್ತೆ: 13,000ವನ್ನು 26ರಿಂದ ಭಾಗಿಸಿ, ವರ್ಷಕ್ಕೆ 15 ದಿನದಂತೆ 7,500, ಐದು ವರ್ಷಕ್ಕೆ 37,500. ಜನವರಿಯಲ್ಲಿ ಬಿಟ್ಟರೆ ಅದು ಕೈತಪ್ಪಬಹುದು. ಪಿಎಫ್ ಇದ್ದರೆ, ಅದನ್ನೂ 5 ವರ್ಷದೊಳಗೆ ತೆಗೆದರೆ ತೆರಿಗೆಗೆ ಬರುತ್ತೆ. 21,000ದ ಒಳಗಿನ ಸಂಬಳವಾದ್ದರಿಂದ ಮನೆಯವರಿಗೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇದ್ದರೆ, ಕೆಲಸ ಬಿಟ್ಟ ಮೇಲೆ ಅದೂ ಮುಂದೆ ನಿಲ್ಲುತ್ತೆ. ಮೊದಲೇ ಬೇರೆ ಆರೋಗ್ಯ ವಿಮೆ ಮಾಡಿಸಿ.

ಹಾಗಂತ ಐದು ವರ್ಷ ತುಂಬಿತು ಅಂತ ಜೂನ್‌ನಲ್ಲಿ ಬಿಟ್ಟು ಮಳೆಗೆ ಅಂಗಡಿ ತೆರೆಯಬೇಡಿ. ನವೆಂಬರ್‌ವರೆಗೆ ಸಂಬಳ ತಗೊಳ್ಳಿ. ರೈತರ ಕೈಯಲ್ಲಿ ದುಡ್ಡು ಓಡಾಡೋ ಹೊತ್ತಿಗೆ ಬಾಗಿಲು ತೆಗೆದರೆ ಬೇಸಿಗೆಗೆ ಮುಂಚೆ ಎರಡು ತಿಂಗಳು ಸಿಗುತ್ತೆ. ತ್ರೀ ಫೇಸ್ ಮೀಟರ್ ಇಲ್ಲದ ಮಳಿಗೆ ಹಿಡಿಯಬೇಡಿ. ಬೇಕೇ ಆದರೆ ಮಾಲೀಕರ ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆ ಮುಂಗಡ ಕೊಟ್ಟು ಬೆಸ್ಕಾಂಗೆ ಅರ್ಜಿ ಹಾಕಿ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಪುಕ್ಕಟೆ, ಏಜೆಂಟರಿಗೆ ದುಡ್ಡು ಕೊಡಬೇಡಿ. ಸರ್ಕಾರದ ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 5 ಲಕ್ಷದವರೆಗೆ ಸಾಲ ಇದೆ, ಆದರೆ ಕಂತು ಮಳೆಗಾಲದಲ್ಲೂ ಬರುತ್ತೆ.

ಪ್ರಶ್ನೆ ಕೇಳಿದವರು: ಅಂಗಡಿಯಲ್ಲಿ 14 ಜನ ಇದ್ದೇವೆ. ನವೆಂಬರ್‌ಗೇ ಇಟ್ಟುಕೊಳ್ತೀನಿ ಅಣ್ಣ. ನೀವು ಹೇಳಿದಂತೆ ಬೇಸಿಗೆಗೆ 20 ಅಂತ ಹಿಡಿದರೆ ಆ ನಾಲ್ಕು ತಿಂಗಳಿಗೂ 32,000 ಕಡಿಮೆ ಬೀಳುತ್ತೆ. ಅಷ್ಟರೊಳಗೆ ಕೂಡಿಸಬೇಕಾದದ್ದು ಮಳೆಗಾಲದ 92,000 ಸೇರಿ 1,24,000, ವೈರಿನ ದುಡ್ಡು ಬೇರೆ.