ಸಹಾಯ ಬೇಕು: ಶಿಕಾಗೋದಲ್ಲಿರುವ ಕನ್ನಡಿಗರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಶಿಕಾಗೋದ ಮೊದಲ ಮೇಯರ್ ವಿಲಿಯಂ ಬಟ್ಲರ್ ಆಗ್ಡನ್ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. ಎರಡು ಫೋಟೋ ಬೇಕಿತ್ತು.

ಈ ಮನುಷ್ಯನ ಕಥೆ ಮಜವಾಗಿದೆ. 1835ರಲ್ಲಿ ಭಾವನ ಜಮೀನು ನೋಡಲು ನ್ಯೂಯಾರ್ಕ್‌ನಿಂದ ಬಂದರೆ, ಕಂಡಿದ್ದು ಬರೀ ಕೆಸರು. ದುಡ್ಡು ನೀರಲ್ಲಿ ಹೋಮ ಅಂದುಕೊಂಡ. ಆದರೆ ಮೂರನೇ ಒಂದು ಭಾಗ ಮಾರಿದ್ದಕ್ಕೇ ಪೂರ್ತಿ ಅಸಲು ವಾಪಸ್! ಅಲ್ಲೇ ನೆಲೆ ನಿಂತು 1837ರಲ್ಲಿ ಮೇಯರ್ ಆದ.

ಮೇಯರ್‌ಗಿರಿ ಒಂದೇ ವರ್ಷ. ನನಗೆ ಜಾಸ್ತಿ ಹಿಡಿಸಿದ್ದು ರೈಲಿನ ಕೆಲಸ. 'ಗೆಲೀನಾ ಮತ್ತು ಶಿಕಾಗೋ ಯೂನಿಯನ್' ಅನ್ನೋ ರೈಲು ಕಂಪನಿಗೆ ಅಮೆರಿಕದ ಪೂರ್ವ ಭಾಗದ ಸಾಹುಕಾರರು ದುಡ್ಡು ಬಿಚ್ಚಲಿಲ್ಲ. ಆಗ್ಡನ್ ಕುದುರೆ ಏರಿ ರೈತರ ಮನೆ ಮನೆಗೆ ಹೋಗಿ ಷೇರು ಮಾರಿದ. 1848ರ ಅಕ್ಟೋಬರ್‌ನಲ್ಲಿ 'ಪಯೋನಿಯರ್' ಎಂಬ ಸೆಕೆಂಡ್ ಹ್ಯಾಂಡ್ ಎಂಜಿನ್ ಓಡಿತು. ಮುಂದೆ 1862ರಲ್ಲಿ ಯೂನಿಯನ್ ಪೆಸಿಫಿಕ್ ರೈಲು ಕಂಪನಿಯ ಮೊದಲ ಅಧ್ಯಕ್ಷನೂ ಆದ.

1871ರ ಅಕ್ಟೋಬರ್ 8ರಂದು ಶಿಕಾಗೋದಲ್ಲಿ ಬೆಂಕಿ ಬಿತ್ತು, ಅವನ ಮನೆ ಸುಟ್ಟಿತು. ಅದೇ ರಾತ್ರಿ ವಿಸ್ಕಾನ್ಸಿನ್‌ನ ಪೆಶ್ಟಿಗೋದಲ್ಲಿದ್ದ ಅವನ ಮರದ ಕಾರ್ಖಾನೆಯೂ ಬೂದಿ. ಅಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು.

ಆ 'ಪಯೋನಿಯರ್' ಎಂಜಿನ್ ಈಗ ಶಿಕಾಗೋ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಪಕ್ಕದಿಂದ ಒಂದು ಫೋಟೋ, ಆಗ್ಡನ್ ಅವೆನ್ಯೂ ಅನ್ನೋ ಬೋರ್ಡಿನದು ಇನ್ನೊಂದು ಸಿಕ್ಕರೆ ಸಾಕು. ಮೊಬೈಲಲ್ಲಿ ತೆಗೆದಿದ್ದರೂ ಪರವಾಗಿಲ್ಲ, ಆದರೆ ನೀವೇ ತೆಗೆದಿರಬೇಕು. ಇದಕ್ಕಂತಲೇ ಹೋಗಬೇಡಿ, ಆ ಕಡೆ ಹೋದಾಗ ನೆನಪಾದರೆ ಸಾಕು. ಮುಂದಿನ ತಿಂಗಳವರೆಗೂ ಟೈಮಿದೆ.