ಒಂಚೂರು ವಿಚಿತ್ರ ಅನ್ನಿಸುವ ಮ್ಯೂಸಿಯಂ ಯಾವುದಾದರೂ ಇದೆಯಾ?

ಸುತ್ತಾಟಗಾರ:
ಕತ್ತಿ, ಗುರಾಣಿ, ಮೂಗು ಮುರಿದ ವಿಗ್ರಹ, ಪಕ್ಕದಲ್ಲಿ ಅಕ್ಷರ ಅಳಿಸಿಹೋದ ಚೀಟಿ. ಇವನ್ನೆಲ್ಲ ನೋಡಿ ಸಾಕಾಗಿದೆ. ಯಾರೋ ಒಂದೇ ವಿಷಯದ ಹಿಂದೆ ಹಟ ಹಿಡಿದು ಬಿದ್ದು ಕಟ್ಟಿದ ಜಾಗ ಬೇಕು. ನಾವಿರುವುದು ಬೆಂಗಳೂರಿನಲ್ಲಿ, ರಜೆಯಲ್ಲಿ ಪುಣೆ, ದೆಹಲಿ ಕಡೆ ಹೋಗುವುದಿದೆ. ಜೊತೆಗೆ ಎಂಟನೇ ಕ್ಲಾಸಿನ ಮಗಳು, ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಾಳೆ.

ಜಯನಗರದವ:
ಹಾಗಾದರೆ ಸೀದಾ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ಸಾರ್! ತಮಾಷೆ ಅಲ್ಲ, ಅಲ್ಲಿ ನ್ಯೂರೋಪೆಥಾಲಜಿ ವಿಭಾಗದಲ್ಲಿ ಮಿದುಳಿನ ಮ್ಯೂಸಿಯಂ ಇದೆ. ಸ್ಟ್ರೋಕ್ ಆದದ್ದು, ಗೆಡ್ಡೆ ಬೆಳೆದದ್ದು, ಲಾಡಿಹುಳುವಿನ ಮರಿಗಳು ಹೊಕ್ಕಿದ್ದು, ಎಲ್ಲ ಸಾಲಾಗಿ ಇಟ್ಟಿದ್ದಾರೆ. ಕೊನೆಗೆ ಗ್ಲೌಸ್ ಹಾಕಿಕೊಂಡು ನಿಜವಾದ ಮಿದುಳನ್ನೇ ಮುಟ್ಟಿ ನೋಡಬಹುದು. ಕೆಡದ ಹಾಗೆ ಕಾಪಾಡುವ ಫಾರ್ಮಲಿನ್ ದ್ರವದಲ್ಲಿ ಇಟ್ಟಿರುವುದರಿಂದ ಪನೀರ್ ಹಾಗೆ ಗಟ್ಟಿಯಾಗಿರುತ್ತೆ. ದಿನಾ ತೆರೆದಿರಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ಸುತ್ತಾಟಗಾರ:
ಮಗಳಿಗಿಂತ ನನಗೇ ಭಯ ಆಗ್ತಿದೆ 😄

ಪುಣೆಯ ಕನ್ನಡತಿ:
ಪುಣೆಗೆ ಬಂದರೆ ರಾಜಾ ಕೇಳ್ಕರ್ ಮ್ಯೂಸಿಯಂ ಬಿಡಬೇಡಿ. ದಿನಕರ ಕೇಳ್ಕರ್ ಅಂತ ಒಬ್ಬರು ಊರೂರು ಅಲೆದು ಮನೆಬಳಕೆಯ ಹಳೆ ಸಾಮಾನು ಕೂಡಿಸಿದರು, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜನ ಹೆಸರನ್ನೇ ಅದಕ್ಕೆ ಇಟ್ಟರು. ಸುಮಾರು 20,000 ವಸ್ತು ಇವೆ, ಹೊರಗೆ ಕಾಣಲು ಇಟ್ಟಿರುವುದು ಅದರಲ್ಲಿ ಸ್ವಲ್ಪವೇ. ನನಗೆ ಜಾಸ್ತಿ ಹಿಡಿಸಿದ್ದು ಅಡಕತ್ತರಿಗಳು. ಕುದುರೆಯ ಆಕಾರದ್ದು, ಹಕ್ಕಿಯ ಆಕಾರದ್ದು, ಗಂಡು ಹೆಣ್ಣಿನ ಜೋಡಿಯಾಗಿರುವುದು, ಹಿಡಿ ಒತ್ತಿದರೆ ಇಬ್ಬರೂ ಹತ್ತಿರ ಬರುತ್ತಾರೆ! ಎಲೆ ಅಡಿಕೆ ಸಂಚಿ ನೋಡಿ ಬೆಳೆದವರು ಆ ಗಾಜಿನ ಪೆಟ್ಟಿಗೆ ಬಿಟ್ಟು ಅಲುಗಲ್ಲ. ಪೇಶ್ವೆ ಬಾಜಿರಾಯನ ಹೆಂಡತಿ ಮಸ್ತಾನಿಯ ಮಹಲನ್ನು ಬಿಚ್ಚಿ ತಂದು ಇಲ್ಲೇ ಮತ್ತೆ ಜೋಡಿಸಿದ್ದಾರೆ, ಅದನ್ನೂ ನೋಡಿ.

ಮಂಡ್ಯದ ಹೈದ:
ಇಷ್ಟು ದೂರ ಯಾಕೆ, ಮೈಸೂರಲ್ಲಿ ಮೇಣದ ಮ್ಯೂಸಿಯಂ ಇಲ್ವಾ?

ಪುಣೆಯ ಕನ್ನಡತಿ:
ಇದೆ, ಅಲ್ಲಿಟ್ಟಿರುವ ಸಂಗೀತ ವಾದ್ಯಗಳ ಸಲುವಾಗಿ ನೋಡಬಹುದು. ಮೇಣದ ಬೊಂಬೆಗಳ ಮುಖ ಮಾತ್ರ... ಬಿಡಿ.

ದೆಹಲಿ ದಾಸ:
ದೆಹಲಿಯಲ್ಲಿ ಪಾಲಂ ಹತ್ತಿರ, ಸಾರ್ವಜನಿಕ ಶೌಚಾಲಯ ನಡೆಸುವ ಸುಲಭ್ ಸಂಸ್ಥೆಯ ಟಾಯ್ಲೆಟ್ ಮ್ಯೂಸಿಯಂ. 1992ರಲ್ಲಿ ಆ ಸಂಸ್ಥೆ ಕಟ್ಟಿದ ಬಿಂದೇಶ್ವರ್ ಪಾಠಕ್ ಅವರೇ ಶುರುಮಾಡಿದ್ದು. ಹರಪ್ಪಾ ಕಾಲದ ಚರಂಡಿಯಿಂದ ಶುರುವಾಗುತ್ತೆ. ಫ್ರಾನ್ಸ್‌ನ 14ನೇ ಲೂಯಿಯ ಸಿಂಹಾಸನದ ಮಾದರಿ ಇದೆ, ಕೂರುವ ಜಾಗದಲ್ಲೇ ಕಮೋಡ್. ದಪ್ಪ ಪುಸ್ತಕಗಳನ್ನು ಒಟ್ಟಿದ ಹಾಗೆ ಕಾಣುವ ಇನ್ನೊಂದು ಇದೆ, ಅದೂ ಕಮೋಡೇ. ನಗ್ತಾ ಒಳಗೆ ಹೋಗ್ತೀರಿ, ಆಮೇಲೆ ಕೈಯಲ್ಲಿ ಮಲ ಬಾಚುವ ಕೆಲಸದ ಬಗ್ಗೆ ಓದುವಾಗ ನಗು ಬರಲ್ಲ. ಪಾಠಕ್ ಹೋರಾಡಿದ್ದು ಅದರ ವಿರುದ್ಧವೇ ಅಲ್ವಾ. ಒಂದು ಮಾತು: ಆಟೋದವರಿಗೆ ಬರೀ 'ಸುಲಭ್' ಅನ್ನಬೇಡಿ, ಪಕ್ಕದ ಶೌಚಾಲಯಕ್ಕೆ ಇಳಿಸಿಬಿಡ್ತಾರೆ.

ಸುತ್ತಾಟಗಾರ:
ಮೂರೂ ಪಟ್ಟಿಗೆ ಸೇರಿದವು. ನಿಮ್ಹಾನ್ಸ್‌ಗೆ ಸೋಮವಾರ ಫೋನ್ ಮಾಡ್ತೀನಿ. ಒಂದು ಡೌಟು, ಬೆಳಗಿನ ತಿಂಡಿ ತಿಂದು ಹೋಗಬೇಕಾ, ಬೇಡವಾ?

ಜಯನಗರದವ:
ಲೈಟಾಗಿ ಇಡ್ಲಿ ಸಾಕು ಸಾರ್.