ಪಲ್ಲೆ ಮಡಿಯೊಳಗ ಬೆಕ್ಕಿನ ಕಾಟ, ಬರದಂಗ ಏನು ಮಾಡಬೇಕ್ರಿ?

ಹಿತ್ತಲ ಮಡಿ, ರಾಯಚೂರು:
ಹಿತ್ತಲದಾಗ 10 ಅಡಿ ಉದ್ದ, 4 ಅಡಿ ಅಗಲದ ಮಡಿ ಐತ್ರಿ. ಎರೆ ಮಣ್ಣಿಗೆ ಮರಳು, ತಿಪ್ಪೆ ಗೊಬ್ಬರ ಕೂಡಿಸಿ ಹದ ಮಾಡಿ ಮೆಂತೆ, ಹಕ್ಕರಿಕಿ, ಪುಂಡಿ ಪಲ್ಲೆ ಹಾಕೇವಿ. ಓಣಿ ಬೆಕ್ಕು ನಾಲ್ಕೂವರೆ ಅಡಿ ಕಂಪೌಂಡ್ ಹಾರಿ ಬಂದು, ಬೀಜ ಹಾಕಿದ ಜಾಗಾನೇ ಕೆದರಿ ಹೇತು ಹೋಗ್ತಾವ. ಮುಂಬಾಗಿಲ ಹತ್ರ ಶಹಾಬಾದಿ ಫರ್ಸಿ ಮ್ಯಾಲೆ, ಸ್ಕೂಟರ್ ಮ್ಯಾಲೆ ಉಚ್ಚಿ ಸಿಡಸ್ತಾವ. ಖಾರಪುಡಿ ಉದುರಸ್ರಿ, ಫಿನಾಯಿಲ್ ಹಾಕ್ರಿ, ಡಾಂಬರ್ ಗುಳಿಗಿ ಇಡ್ರಿ ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರ. ಬೆಕ್ಕಿಗೂ ನೋವಾಗಬಾರದು, ಪಲ್ಲೆನೂ ಉಳೀಬೇಕು. ಮನ್ಯಾಗ ಬಸುರಿ ಹೆಣ್ಣುಮಗಳು ಅದಾಳ, ಅದಕ್ಕ ಜಲ್ದಿ ಏನರ ಮಾಡಬೇಕಾಗೇತಿ.

ತೊಗರಿ ಕಟಗಿ, ಸಿಂಧನೂರು:
ಬೆಕ್ಕು ನಿಮ್ಮ ಮಡಿ ಹುಡುಕ್ಕೊಂಡು ಬರೋದು ಯಾಕಂದ್ರ ಅಲ್ಲಿ ಮಣ್ಣು ಸಡಿಲ ಐತಿ, ಮ್ಯಾಲೆ ಒಣಗೇತಿ. ಕೆದರಿ ಕೂತು, ತಿರುಗಿ ಮುಚ್ಚಾಕ ಅದಕ್ಕ ಹೆಚ್ಚುಕಮ್ಮಿ ಒಂದಡಿ ಬಯಲು ಜಾಗ ಬೇಕು. ಆ ಜಾಗ ಸಿಗದಂಗ ಮಾಡಿದ್ರ ಅರ್ಧ ಕೆಲಸ ಮುಗೀತು. ವಾಸನಿ ನಂಬಬ್ಯಾಡ್ರಿ. ನಮ್ಮ ಬಿಸಿಲಿಗೆ ನಿಂಬಿ ಸಿಪ್ಪಿ, ಮೋಸಂಬಿ ಸಿಪ್ಪಿ ಒಂದ ದಿನಕ್ಕ ಒಣಗಿ ವಾಸನಿ ಕಳಕೊಳ್ತಾವ.

ಬೀಜ ಹಾಕಿದ ಹೊಸದಾಗಿ ತೊಗರಿ ಕಟಗಿ ಭಾಳ ಚಲೋ. ಒಂದೂವರೆ ಅಡಿ ತುಂಡು ಮಾಡಿ, ಬುಡ ಓರೆ ಕಡದು, 5 ಇಂಚು ಒಳಗ ಹೋಗುವಂಗ ನೆಟ್ಟಗ ಚುಚ್ರಿ. ನಡುವ 5 ಇಂಚಿಗಿಂತ ಹೆಚ್ಚು ಸಂದು ಬ್ಯಾಡ. ನಿಮ್ಮ ಮಡಿಗೆ ಸುಮಾರು 240 ತುಂಡು ಬೇಕಾಗ್ತಾವ. ಪಲ್ಲೆ ಗೇಣುದ್ದ ಎದ್ದು ದಟ್ಟ ಆದ ಮ್ಯಾಲೆ ಕಿತ್ತು ಇಟ್ಕೊಂಡ್ರ ಮುಂದಿನ ಬಿತ್ತಿಗೂ ಬರ್ತಾವ. ಬಗ್ಗಿ ಪಲ್ಲೆ ಕೊಯ್ಯುವಾಗ ಕಣ್ಣಿಗೆ ಚುಚ್ಚೀತು, ಸಣ್ಣ ಮಕ್ಕಳಿದ್ರ ತುದಿ ಮಣ್ಣಿನ ಮ್ಯಾಲೆ ಅರ್ಧ ಅಡಿಗೆ ಕಡೀರಿ. ಹತ್ತಿ ಕಟಗಿ ತರಬ್ಯಾಡ್ರಿ, ಅದರಾಗ ಉಳಿದ ಒಣ ಕಾಯಿಯೊಳಗ ಗುಲಾಬಿ ಕಾಯಿಕೊರಕ ಕೂತಿರ್ತದ. ಬಳ್ಳಾರಿ ಜಾಲಿ ಮುಳ್ಳಂತೂ ಬ್ಯಾಡೇ ಬ್ಯಾಡ, ಚಪ್ಪಲಿ ತೂರಿ ನಿಮ್ಮ ಕಾಲಿಗೇ ನೆಡತದ.

ಕಾಯಂ ಪರಿಹಾರ ಬೇಕಂದ್ರ ಕೋಳಿ ಜಾಲರಿ. 4 ಅಡಿ ಅಗಲ, 1 ಇಂಚು ಕಣ್ಣು ಇರೋ ಜಿಐ ಜಾಲರಿ 10 ಅಡಿ ತರ್ರಿ. ಮೊದಲು ಕಸ ಪೂರ್ತಿ ತೆಗೀರಿ, ಆಮ್ಯಾಲೆ ಜಾಲರಿ ಕೆಳಗ ಕೈ ಹೋಗಂಗಿಲ್ಲ. ಬೀಜ ಹಾಕಿ, ಜಾಲರಿ ಚಪ್ಪಟೆ ಹಾಸಿ, ಮ್ಯಾಲೆ ಅರ್ಧ ಇಂಚು ಮಣ್ಣು ಉದುರಿಸ್ರಿ. 10 ಗೇಜ್ ತಂತಿ ಒಂದೊಂದಡಿ ಕಡದು ಯು ಆಕಾರಕ್ಕ ಬಗ್ಗಿಸಿ, ಅಂಚಿನ ಗುಂಟ ಒಂದೂವರೆ ಅಡಿಗೊಂದು, ನಡುವ ನಾಕೈದು ಹೊಡೀರಿ. ಒಟ್ಟು 24 ಸಾಕು. ಬೈಂಡಿಂಗ್ ತಂತಿ ಮೆತ್ತಗ, ಎರೆ ಮಣ್ಣಿನಾಗ ಬಾಗತದ. ಎರೆ ಮಣ್ಣು ಒಣಗಿ ಬಿರುಕು ಬಿಟ್ಟಾಗ ಯು ತಂತಿ ಸಡಿಲಾಗಿ ಅಂಚು ಎದ್ದು ನಿಲ್ತದ, ನೀರು ಹಾಯಿಸಿದ ಮ್ಯಾಲೆ ತುಳಿದು ಕೂಡಿಸ್ರಿ.

ಜಾಲರಿ ಹಾಸಿದ ಮಡಿಯಾಗ ಮೆಂತೆ ಬೇರು ಸಮೇತ ಕೀಳಬಾರದು, ಕತ್ತರಿಲೇ ಕೊಯ್ರಿ. ಪುಂಡಿ ಕಾಂಡ ದಪ್ಪಾಗಿ ಕಣ್ಣಾಗ ಬಿಗೀತದ, ಅಲ್ಲಿ ಜಾಲರಿ ಕತ್ತರಿಸಿ 3 ಇಂಚು ಜಾಗ ಬಿಡ್ರಿ. ಮೂಲಂಗಿ, ಗಜ್ಜರಿಗೆ ಇದು ಆಗಂಗಿಲ್ಲ.

ಹಿತ್ತಲ ಮಡಿ, ರಾಯಚೂರು:
ಈಗಾಗಲೇ ಹೇತ ಜಾಗದಾಗ ಹಕ್ಕರಿಕಿ ಎದ್ದೈತಿ. ರೊಟ್ಟಿ ಜೋಡಿ ಹಸೀದೇ ತಿಂತೀವಿ. ತಿನ್ನಬಹುದೇನ್ರಿ?

ಪಶುವೈದ್ಯ, ಕೊಪ್ಪಳ:
ಹಸಿಯಾಗಿ ಬೇಡ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಮೊಟ್ಟೆಯಂಥ ಕೋಶಗಳು ಇರಬಹುದು. ಗರ್ಭಿಣಿಗೆ ಮೊದಲ ಬಾರಿ ಈ ಸೋಂಕು ತಗುಲಿದರೆ ಮಗುವಿಗೆ ಅಪಾಯ. ಎಲ್ಲ ಬೆಕ್ಕುಗಳೂ ಇದನ್ನು ಹೊರಹಾಕುತ್ತಿರುವುದಿಲ್ಲ, ಆದರೆ ನೋಡಿ ಗುರುತಿಸಲು ಆಗುವುದಿಲ್ಲ. ಹೊರಬಿದ್ದ ಕೋಶ ಸೋಂಕು ತರುವಷ್ಟು ಬಲಿಯಲು 1ರಿಂದ 5 ದಿನ ಬೇಕು. ಆದ್ದರಿಂದ ಮಲವನ್ನು ಅಂದಂದೇ ತೆಗೆಯಿರಿ, ಗರ್ಭಿಣಿ ಆ ಕೆಲಸಕ್ಕೂ ಮಡಿಯ ಕೆಲಸಕ್ಕೂ ಕೈಹಾಕುವುದು ಬೇಡ. ತೇವದ ಮಣ್ಣಿನಲ್ಲಿ ಅವು ತಿಂಗಳುಗಟ್ಟಲೆ ಬದುಕುತ್ತವೆ, ಬ್ಲೀಚಿಂಗ್ ಪುಡಿಗೂ ಸಾಯುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಈ ಬೆಳೆಯ ಪಲ್ಲೆಯನ್ನೆಲ್ಲ ಬೇಯಿಸಿಯೇ ತಿನ್ನಿ. ಹಸಿ ತಿನ್ನುವ ಹಕ್ಕರಿಕಿಯನ್ನು ಮಾಳಿಗೆ ಮೇಲೆ, ಹೊಸ ಮಣ್ಣಿನ ಕುಂಡದಲ್ಲಿ, ಜಾಲರಿ ಮುಚ್ಚಿ ಬೆಳೆಯಿರಿ.

ನಿಮಗೆ ಸಿಕ್ಕ ಮೂರು ಸಲಹೆಗಳನ್ನೂ ದಯವಿಟ್ಟು ಬಿಡಿ. ಫಿನಾಯಿಲ್‌ನಂಥವುಗಳಲ್ಲಿರುವ ಫಿನಾಲ್ ವರ್ಗದ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಒಡೆಯಲಾರದು. ಪಾದಕ್ಕೆ ಅಂಟಿದ್ದನ್ನು ನೆಕ್ಕಿಕೊಂಡರೂ ವಿಷವಾಗುತ್ತದೆ. ಡಾಂಬರ್ ಗುಳಿಗೆ ಬೆಕ್ಕಿಗೂ ಬಾಯಿಗಿಟ್ಟುಕೊಳ್ಳುವ ಮಗುವಿಗೂ ವಿಷ. ಖಾರಪುಡಿ ಅದರ ಪಾದದಿಂದ ಕಣ್ಣಿಗೆ ಹೋಗಿ ನರಳಿಸುತ್ತದೆ, ನೀರು ಹಾಕಿದೊಡನೆ ಕೊಚ್ಚಿಯೂ ಹೋಗುತ್ತದೆ. ಇನ್ನು ವಿಷ ಇಡಿ ಎನ್ನುವವರ ಮಾತು ಕೇಳಲೇಬೇಡಿ. ಅದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ 5 ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ. ಹಿಡಿದು ಊರಾಚೆ ಬಿಟ್ಟರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ.

ಬಾಗಿಲಿಗೆ ಉಚ್ಚೆ ಸಿಡಿಸುವುದು ಹೆಚ್ಚಾಗಿ ಬೀಜ ಒಡೆಯದ ಗಂಡು ಬೆಕ್ಕು, ತನ್ನ ಗಡಿ ಗುರುತಿಸಲು. ಶಸ್ತ್ರಚಿಕಿತ್ಸೆ ಮಾಡಿಸಿದರೆ ಬಹುಪಾಲು ಗಂಡುಗಳಲ್ಲಿ ಈ ಚಾಳಿ ಇಳಿಯುತ್ತದೆ. ಹೆಣ್ಣು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭದ ಅವಧಿ ಸುಮಾರು 63ರಿಂದ 65 ದಿನ. ಓಣಿಯಲ್ಲಿ ಅನ್ನ ಹಾಕುವವರ ಜೊತೆ ಕೂತು ಮಾತಾಡಿ. ಬೆಕ್ಕು ಅವರ ಕೈಗೆ ಸಿಗುತ್ತದೆ, ಖರ್ಚು ಹಂಚಿಕೊಂಡರೆ ಕೆಲಸ ಆಗುತ್ತದೆ.

ಫರ್ಸಿ ಮನಿ, ಬಳ್ಳಾರಿ:
ಉಚ್ಚಿ ವಾಸನಿ ಹೋಗದಿದ್ರ ಮತ್ತ ಅಲ್ಲೇ ಬರತಾವ. ಬರೇ ನೀರಿಗೆ ಅದರಾಗಿನ ಯೂರಿಕ್ ಆಮ್ಲದ ಹರಳು ಕರಗಂಗಿಲ್ಲ, ಸ್ವಲ್ಪ ತೇವ ಆದ್ರೂ ವಾಸನಿ ಏಳತದ. ಅಮೋನಿಯಾ ಇರೋ ಕ್ಲೀನರ್ ಹಾಕಬ್ಯಾಡ್ರಿ, ಅದಕ್ಕ ಉಚ್ಚಿ ವಾಸನೀನೇ ಇರ್ತದ. ಬ್ಲೀಚ್ ಉಚ್ಚಿಗೆ ಕೂಡಿದ್ರ ಎದಿ ಉರಿಸೋ ಗಾಳಿ ಹುಟ್ಟತದ, ಬಸುರಿ ಇರೋ ಮನ್ಯಾಗ ಬ್ಯಾಡ. ವಿನೆಗರ್ ಹಾಕ್ರಿ ಅಂತ ಎಲ್ಲ ಕಡೆ ಹೇಳ್ತಾರ, ಆದ್ರ ಶಹಾಬಾದಿ ಸುಣ್ಣದ ಕಲ್ಲು, ಹುಳಿ ಬಿದ್ರ ಮೇಲ್ಮೈ ತಿಂದು ಬೆಳ್ಳಗ ಕಲೆ ಆಗತದ.

ಎನ್‌ಜೈಮ್ ಇರೋ ಬಟ್ಟೆ ಪುಡಿ ಎರಡು ಚಮಚ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಕಲಸ್ರಿ. ಮೊದಲು ತಣ್ಣೀರಿಲೇ ತೊಳದು, ಇದನ್ನ ಹೊಯ್ದು, ಹಸಿ ಗೋಣಿ ತಟ್ಟು ಮುಚ್ಚಿ ಒಂದು ತಾಸು ಬಿಡ್ರಿ. ಹೊತ್ತು ಮುಳುಗಿದ ಮ್ಯಾಲೇ ಮಾಡ್ರಿ. ಮಧ್ಯಾಹ್ನ ಕಾದ ಫರ್ಸಿ ಮ್ಯಾಲೆ ಹಾಕಿದ್ರ ಎನ್‌ಜೈಮ್ ಕೆಲಸ ಮಾಡೂದ್ರೊಳಗ ಆರಿ ಹೋಗತದ. ಸ್ಕೂಟರ್ ಸೀಟಿಗೆ ಅದೇ ನೀರಿನ ಬಟ್ಟೆ ಒರೆಸಿ, ರಾತ್ರಿ ಪೂರ್ತಿ ಕವರ್ ಹಾಕ್ರಿ.

ತೊಗರಿ ಕಟಗಿ, ಸಿಂಧನೂರು:
ಡಾಕ್ಟರ್ ಹೇಳಿದ್ದಕ್ಕ ಇನ್ನೊಂದು ಕೂಡಿಸ್ತೀನ್ರಿ. ಮಡಿ ಮುಚ್ಚಿದ ಮ್ಯಾಲೆ ಬೆಕ್ಕಿಗೆ ಬ್ಯಾರೆ ಜಾಗ ಕೊಡ್ರಿ, ಇಲ್ಲಾಂದ್ರ ಕುಂಡ ಕೆದರತಾವ. ಅವು ಹಾರಿ ಇಳಿಯೋ ಮೂಲ್ಯಾಗೇ, ನೆರಳಿನಾಗ, 2 ಅಡಿ ಚೌಕ, 6 ಇಂಚು ಆಳ ಒಣ ಮರಳು ಹಾಕ್ರಿ. ಮಡಿಯಾಗಿನ ಒಂದು ಲದ್ದಿ ಎತ್ತಿ ಅದರಾಗ ಇಟ್ರ ಜಾಗ ಗುರುತು ಹಿಡೀತಾವ. ದಿನಾ ಮುಂಜಾನೆ ಎತ್ತಿ ಕಾಗದದಾಗ ಸುತ್ತಿ ಕಸದ ಗಾಡಿಗೆ ಹಾಕ್ರಿ, ತಿಪ್ಪಿಗೆ ಒಗೀಬ್ಯಾಡ್ರಿ, ಅದೇ ಗೊಬ್ಬರ ಮತ್ತ ಮಡಿಗೆ ಬರತದ. ಮನಿ ಕಟ್ಟಾಕ ತಂದ ಮರಳಿನ ಗುಂಪಿ ಹಿತ್ತಲದಾಗ ಇದ್ರ ತಾಡಪತ್ರಿ ಮುಚ್ಚಿ ಅಂಚಿಗೆ ಕಲ್ಲು ಇಡ್ರಿ.